ದಪ್ಪ ಕೊಂಬೆಗೆ ಇಬ್ಬರು ಬೇಕು

ನಮ್ಮ ತಾರಸಿಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಎಳೆದ ಒಂದು ಗೆರೆ ಇದೆ. ಮೇಲೆ ಶೀಟು ಹೊದೆಸಿರುವುದರಿಂದ ಮಳೆ ಅದನ್ನು ಅಳಿಸಿಲ್ಲ. ಗೆರೆ ಕೆಳಗಿನಿಂದ ಹೊರಟು ಬಲಕ್ಕೆ ವಾಲುತ್ತದೆ, ಆಮೇಲೆ ನಿಧಾನವಾಗಿ ನೆಲದ ಕಡೆ ಇಳಿಯುತ್ತದೆ. ಯಾರಾದರೂ ನೋಡಿದರೆ ಮಕ್ಕಳು ಗೀಚಿದ್ದು ಅಂದುಕೊಂಡಾರು. ಮನೆಯಲ್ಲಿ ಮಕ್ಕಳೂ ಇಲ್ಲ, ನೋಡುವುದಕ್ಕೆ ಬರುವವರೂ ಇಲ್ಲ. ಅದು ನನ್ನ ಚಟ್ಟಿಯಲ್ಲಿರುವ ಗೋಳಿಗಿಡದ, ಅಂದರೆ ಆಲದ, ಕೊಂಬೆಯೊಂದು ಹೋಗಬೇಕಾಗಿದ್ದ ದಾರಿ. ಎಳೆದವರು ಮೂಡಬಿದಿರೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದ ಮಾಷ್ಟ್ರು.

ನಾನು ಬಂಟ್ವಾಳ ಪೇಟೆಯಲ್ಲಿ ಮೋಟಾರು ವೈಂಡಿಂಗ್ ಮಾಡುವವನು. ಸುಟ್ಟ ಪಂಪಿನ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತುವುದು ನನ್ನ ಕಸುಬು. ಹರೆಯದಲ್ಲಿ ಕೆಲವು ವರ್ಷ ದುಬೈಯಲ್ಲಿ ಒಬ್ಬ ದೊಡ್ಡ ಮನುಷ್ಯನ ತೋಟದ ಪಂಪುಗಳನ್ನು ನೋಡಿಕೊಂಡಿದ್ದೆ. ಅಲ್ಲಿ ತಟ್ಟೆಯಷ್ಟು ಅಗಲದ ಚಟ್ಟಿಗಳಲ್ಲಿ ಮುದಿ ಮರಗಳಿದ್ದವು, ಎತ್ತರ ಒಂದು ಮೊಳ. ಮೊದಲು ಪ್ಲಾಸ್ಟಿಕ್ಕಿನವು ಅಂದುಕೊಂಡಿದ್ದೆ. ಒಂದು ಎಲೆ ಚಿವುಟಿ ನೋಡಿ ಬೈಸಿಕೊಂಡೆ. ಆಮೇಲೆ ಬಿಡುವಿದ್ದಾಗಲೆಲ್ಲ ಅಲ್ಲೇ ನಿಂತು ನೋಡುತ್ತಿದ್ದೆ. ಊರು, ಮನೆ, ಭಾಷೆ ಒಂದೂ ಇಲ್ಲದ ಆ ಜಾಗದಲ್ಲಿ ನನ್ನಷ್ಟೇ ಇಕ್ಕಟ್ಟಿನಲ್ಲಿ ಬದುಕುತ್ತಿದ್ದವು ಅವು ಮಾತ್ರ ಅಂತ ನನಗೆ ಅನ್ನಿಸುತ್ತಿತ್ತು.

ಊರಿಗೆ ಬಂದ ಮೇಲೆ ನನಗೆ ಗಿಡಗಳನ್ನು ಕೊಟ್ಟದ್ದು ಬಾವಿಗಳು. ಬಾವಿಕಟ್ಟೆಯ ಕಲ್ಲಿನ ಸಂದಿಯಲ್ಲಿ ಅಶ್ವತ್ಥ ಹುಟ್ಟಿದರೆ ನಮ್ಮ ಕಡೆಯ ಹಿಂದೂ ಮನೆಗಳಲ್ಲಿ ಯಾರೂ ಅದನ್ನು ತಮ್ಮ ಕೈಯಾರೆ ಕೀಳುವುದಿಲ್ಲ. ಬಿಟ್ಟರೆ ಕಟ್ಟೆ ಬಿರಿಯುತ್ತದೆ, ಕಿತ್ತರೆ ದೋಷ. ಇದಕ್ಕೊಂದು ಉಪಾಯವಿದೆ. ಒಬ್ಬ ಬ್ಯಾರಿಯನ್ನೋ, ಅಂದರೆ ನಮ್ಮಂಥ ಮುಸಲ್ಮಾನನನ್ನೋ, ಇಲ್ಲವೇ ಒಬ್ಬ ಕ್ರಿಶ್ಚಿಯನ್ನನನ್ನೋ ಕರೆದು ಕೀಳಿಸುವುದು. ಪಂಪು ರಿಪೇರಿಗೆ ಹೋದ ನಾನು ಹೇಗೂ ಬಾವಿಯ ಹತ್ತಿರವೇ ಇರುತ್ತಿದ್ದೆ, ಹೇಗೂ ಬ್ಯಾರಿ. "ಸಾಹೇಬ್ರೇ, ಹೋಗುವಾಗ ಅದೊಂದನ್ನು ತೆಗ್ದು ಹೋಗಿ" ಅನ್ನುತ್ತಿದ್ದರು. ಉಳಿ ಹಾಕಿ ಕಲ್ಲು ಸಡಿಲಿಸಿ, ಬೇರು ಹರಿಯದಂತೆ ಬಿಡಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ತರುತ್ತಿದ್ದೆ. ಅವರ ದೋಷವೆಲ್ಲ ನನ್ನ ತಾರಸಿಯಲ್ಲಿ ಚಿಗುರಿತು.

ಮಾಷ್ಟ್ರ ಪರಿಚಯವಾದದ್ದೂ ಹಾಗೆಯೇ. ಮಡಂತ್ಯಾರಿನಿಂದ ಸ್ವಲ್ಪ ಒಳಗೆ ಅವರ ಮನೆ. ಬೇರೆಯವರು ಗಿಡ ಕೀಳುವಾಗ ಮುಖ ತಿರುಗಿಸಿ ನಿಲ್ಲುತ್ತಿದ್ದರು, ಈ ಮನುಷ್ಯ ಕುಕ್ಕರಗಾಲಿನಲ್ಲಿ ಕೂತು ನೋಡಿದರು. "ಬೇರು ಯಾಕೆ ಇಷ್ಟು ನಾಜೂಕಿನಲ್ಲಿ ತೆಗೀತೀರಿ? ಬಿಸಾಡ್ಲಿಕ್ಕೆ ಅಲ್ವಾ?" ಎಂದು ಕೇಳಿದರು. ಬಿಸಾಡುವುದಕ್ಕಲ್ಲ, ಸಾಕುವುದಕ್ಕೆ ಅಂದೆ. ಮುಂದಿನ ಭಾನುವಾರವೇ ಬಸ್ಸು ಹತ್ತಿ ನಮ್ಮ ತಾರಸಿಗೆ ಬಂದರು. ತಮ್ಮ ಬಾವಿಕಟ್ಟೆಯ ಅಶ್ವತ್ಥದ ಎಲೆಯನ್ನು ಬೆರಳಿನಲ್ಲಿ ಸವರಿ, "ನಮ್ಮಲ್ಲಿ ಇದು ದೇವರು ಮಾರಾಯ್ರೇ, ನಿಮ್ಮಲ್ಲಿಗೆ ಬಂದ ಕೂಡಲೇ ಬೊನ್ಸಾಯ್. ಇಲ್ಲಾದ್ರೆ ನಾನು ಮುಟ್ಬಹುದು" ಎಂದು ನಕ್ಕರು. ಅಂದಿನಿಂದ ಭಾನುವಾರ ಅವರದ್ದು.

ತೆಳು ಕೊಂಬೆಯನ್ನು ಒಬ್ಬನೇ ಬಗ್ಗಿಸಬಹುದು. ತಂತಿ ಸುತ್ತಿ ಬೇಕಾದ ಕಡೆ ತಿರುಗಿಸಿದರೆ ಮುಗಿಯಿತು. ಹೆಬ್ಬೆರಳಿಗಿಂತ ದಪ್ಪದ ಕೊಂಬೆ ಹಾಗಲ್ಲ. ಮೊದಲು ಒಂದೆರಡು ದಿನ ನೀರು ಕಡಿಮೆ ಮಾಡಬೇಕು. ನೀರು ಕುಡಿದು ಸೊಕ್ಕಿದ ಕೊಂಬೆ ಬಾಗುವುದಿಲ್ಲ, ಲಟಕ್ಕನೆ ಮುರಿಯುತ್ತದೆ. ಬಾಳೆನಾರನ್ನು ನೀರಿನಲ್ಲಿ ನೆನೆಸಿಟ್ಟು, ಬಗ್ಗುವ ಜಾಗದ ಹೊರಮೈಗೆ ಉದ್ದುದ್ದಕ್ಕೆ ಎರಡು ಮೂರು ದಪ್ಪ ತಂತಿ ಇಟ್ಟು, ಅದರ ಮೇಲೆ ನಾರನ್ನು ಬಿಗಿಯಾಗಿ ಸುತ್ತಬೇಕು. ಚರ್ಮ ಬಿರಿಯುವುದು ಯಾವಾಗಲೂ ಹೊರಮೈಯಲ್ಲಿ. ನಾರಿನ ಮೇಲೆ ಹಳೆಯ ಸೈಕಲ್ ಟ್ಯೂಬು ಸುತ್ತಿದರೆ ಇನ್ನೂ ಒಳ್ಳೆಯದು. ಅದಕ್ಕೂ ಬಗ್ಗದಷ್ಟು ದಪ್ಪವಿದ್ದರೆ ಒಳಮೈಯ ಕಡೆಯಿಂದ ಸ್ವಲ್ಪ ತಿರುಳು ಕೆತ್ತಿ ತೆಗೆಯಬೇಕು. ನೇರವಾಗಿ ಬಗ್ಗಿಸಬಾರದು, ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚುತ್ತ ಬಗ್ಗಿಸಬೇಕು. ತಿರುಚಿದಾಗ ಒಳಗಿನ ನಾರು ಒಂದನ್ನೊಂದು ಬಿಟ್ಟು ಜಾರುತ್ತದೆ. ಇನ್ನೊಂದು ಮಾತು, ಬೇರಿಗೆ ಕೈ ಹಾಕಿದ ವರ್ಷ ಕೊಂಬೆಗೆ ಕೈ ಹಾಕಬಾರದು. ಒಂದೇ ವರ್ಷದಲ್ಲಿ ಎರಡು ನೋವನ್ನು ಗಿಡ ತಡೆಯುವುದಿಲ್ಲ.

ಇದಕ್ಕೆಲ್ಲ ಇಬ್ಬರು ಬೇಕು. ಒಬ್ಬ ಬುಡವನ್ನು ಅಲುಗದ ಹಾಗೆ ಹಿಡಿದು, ಬಗ್ಗುವ ಜಾಗಕ್ಕೆ ಹೆಬ್ಬೆರಳು ಒತ್ತಿಕೊಂಡಿರಬೇಕು. ಇನ್ನೊಬ್ಬ ಬಗ್ಗಿಸಬೇಕು. ಹಿಡಿಯುವುದು ಮಾಷ್ಟ್ರು, ಬಗ್ಗಿಸುವುದು ನಾನು. ನನ್ನದು ಸ್ವಲ್ಪ ದುಡುಕು ಸ್ವಭಾವ. ಇನ್ನೂ ಬಗ್ಗುತ್ತದೆ, ಇನ್ನೂ ಬಗ್ಗುತ್ತದೆ ಎಂದು ಮುಂದುವರಿಸುತ್ತಿದ್ದೆ. ಅವರ ಹೆಬ್ಬೆರಳಿಗೆ ಏನು ತಿಳಿಯುತ್ತಿತ್ತೋ, "ಸಾಕು" ಅನ್ನುತ್ತಿದ್ದರು. "ಇನ್ನು ಸ್ವಲ್ಪ ಮಾಷ್ಟ್ರೇ" ಅಂದರೆ, "ಸಾಕು ಅಂದ್ರೆ ಸಾಕು. ಉಳಿದದ್ದು ಬರುವ ವಾರ." ನನಗೆ ಸಿಟ್ಟು ಬರುತ್ತಿತ್ತು. ಶಾಲೆ ಬಿಟ್ಟರೂ ಮಾಷ್ಟ್ರುಗಿರಿ ಬಿಟ್ಟಿಲ್ಲ ಎಂದು ಗೊಣಗುತ್ತಿದ್ದೆ. ಅವರ ಕೈಯಲ್ಲಿ ಒಂದು ಕೊಂಬೆಯೂ ಮುರಿದದ್ದಿಲ್ಲ.

ಗೋಡೆಯ ಮೇಲಿನ ಗೆರೆ ಕೊನೆಯ ಭಾನುವಾರದ್ದು. ಗೋಳಿಯ ಕೆಳಗಿನ ಕೊಂಬೆ ತುಂಬ ದಪ್ಪವಾಗಿ ಮೇಲಕ್ಕೆ ಸೆಟೆದು ನಿಂತಿತ್ತು. ಮಾಷ್ಟ್ರು ಒಲೆಯಿಂದ ಇದ್ದಿಲು ತಂದು, ಕಣ್ಣು ಕಿರಿದು ಮಾಡಿ, ಒಂದೇ ಎಳೆತಕ್ಕೆ ಗೆರೆ ಎಳೆದರು. "ಮಳೆ ಹಿಡಿಯಲಿ. ಚಿಗುರುವ ಹೊತ್ತಿಗೆ ಬಗ್ಗಿಸುವ" ಎಂದು ಕೊಡೆ ತೆಗೆದುಕೊಂಡು ಹೋದರು.

ಮಳೆ ಹಿಡಿಯಿತು. ಅದೇ ಮಳೆಗಾಲದಲ್ಲಿ ನಮ್ಮ ಕಡೆ ಗಲಾಟೆಯಾಯಿತು. ಯಾರು ಯಾರಿಗೆ ಏನು ಮಾಡಿದರು ಎಂದು ಬರೆಯುವ ಮನಸ್ಸು ನನಗಿಲ್ಲ, ಇಲ್ಲಿಯವರಿಗೆ ಗೊತ್ತಿದೆ, ಇಲ್ಲಿಯವರಲ್ಲದವರಿಗೆ ಅರ್ಥವಾಗುವುದಿಲ್ಲ. ಅಂಗಡಿಗಳು ಸಂಜೆಗೆ ಮೊದಲೇ ಬಾಗಿಲು ಹಾಕಿದವು. ಬಸ್ಸಿನಲ್ಲಿ ಜನ ಪಕ್ಕದಲ್ಲಿ ಕೂತವನ ಮುಖ ನೋಡದೆ ಮೊಬೈಲು ನೋಡುವುದನ್ನು ಕಲಿತರು. ಆ ಭಾನುವಾರ ಮಾಷ್ಟ್ರು ಬರಲಿಲ್ಲ. ಬಾರದಿದ್ದದ್ದೇ ಒಳ್ಳೆಯದಾಯಿತು ಅಂದುಕೊಂಡೆ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಬ್ಯಾರಿಯ ಮನೆಗೆ ಹೋಗುತ್ತೀರಲ್ಲ ಎಂದು ಅವರನ್ನು ಯಾರಾದರೂ ಕೇಳಿರಬಹುದು, ನಾನಾಗಿ ಫೋನು ಮಾಡಿ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸುವುದು ಬೇಡ ಅಂದುಕೊಂಡೆ. ಅವರು ಫೋನು ಮಾಡಲಿಲ್ಲ. ಊರು ತಣ್ಣಗಾಯಿತು, ಅಂಗಡಿಗಳು ಎಂದಿನಂತೆ ತೆರೆದವು. ಅಷ್ಟು ಹೊತ್ತಿಗೆ ಫೋನು ಮಾಡದೆ ಇರುವುದೇ ನಮ್ಮಿಬ್ಬರ ರೂಢಿಯಾಗಿತ್ತು.

ಇನ್ನೊಂದು ಸಂಗತಿಯೂ ನಿಂತುಹೋಯಿತು. ಅಶ್ವತ್ಥ ಕೀಳಲು ಯಾರೂ ಕರೆಯಲಿಲ್ಲ. ಗುಡ್ಡದ ಕಡೆಯ ಹಿಂದೂ ಮನೆಗಳಿಂದ ಪಂಪು ರಿಪೇರಿಯ ಕರೆಯೂ ಕಡಿಮೆಯಾಯಿತು. ಯಾರೂ ಒಂದು ಕೆಟ್ಟ ಮಾತು ಆಡಿದ್ದಲ್ಲ. ದಾರಿಯಲ್ಲಿ ಸಿಕ್ಕಿದರೆ ನಗುತ್ತಾರೆ, "ಬನ್ನಿ ಒಮ್ಮೆ" ಅನ್ನುತ್ತಾರೆ. ಕೆಲಸಕ್ಕೆ ಮಾತ್ರ ಅಲ್ಲೇ ಹತ್ತಿರದಲ್ಲಿ ಬೇರೆ ಯಾರೋ ಸಿಕ್ಕಿದ್ದಾರೆ. ಬೈದರೆ ತಿರುಗಿ ಬೈಯಬಹುದಿತ್ತು. ನಕ್ಕರೆ ಏನು ಮಾಡುವುದು?

ನನ್ನ ಹೆಂಡತಿ ಮಗಳ ಬಾಣಂತನಕ್ಕೆಂದು ಅರಬ್ ನಾಡಿನ ದಮ್ಮಾಮಿಗೆ ಹೋದವಳು ಮೊಮ್ಮಕ್ಕಳ ಜತೆ ಅಲ್ಲೇ ನಿಂತಿದ್ದಾಳೆ. ಸಂಜೆ ವಿಡಿಯೋ ಕಾಲ್ ಮಾಡುತ್ತಾಳೆ. "ಇವತ್ತು ಯಾರ ಜತೆ ಮಾತಾಡಿದಿರಿ?" ಎಂದು ಕೇಳುತ್ತಾಳೆ. ಅಂಗಡಿಯಲ್ಲಿ ಗಿರಾಕಿಗಳ ಜತೆ ಅನ್ನುತ್ತೇನೆ. "ಅದಲ್ಲ, ಮಾತು" ಅನ್ನುತ್ತಾಳೆ. ಮೀನಿನ ಸಾರು ಮಾಡಿದ್ದೇನೆ ಎಂದು ಮಾತು ತಿರುಗಿಸುತ್ತೇನೆ. ಅವಳಿಗೆ ಎಲ್ಲ ತಿಳಿಯುತ್ತದೆ, ಪಾತ್ರೆ ತೋರಿಸಿ ಅನ್ನುತ್ತಾಳೆ. ಹೋಟೆಲಿನ ಕಟ್ಟು ಬಿಚ್ಚಿ ತೋರಿಸಿ ನಗೆಪಾಟಲಾಗುತ್ತೇನೆ. ಫೋನು ಇಟ್ಟ ಮೇಲೆ ಮನೆ ಮೊದಲಿಗಿಂತ ದೊಡ್ಡದಾಗಿರುತ್ತದೆ.

ಹೀಗೆ ಎರಡು ಮಳೆಗಾಲ ಕಳೆದವು. ಗೋಳಿಯ ಕೊಂಬೆ ಇನ್ನಷ್ಟು ದಪ್ಪವಾಯಿತು. ಬೆಳಿಗ್ಗೆ ನೀರು ಹಾಕಲು ಹೋದಾಗಲೆಲ್ಲ ಗೋಡೆಯ ಗೆರೆ ಕಾಣುತ್ತಿತ್ತು, ಪಕ್ಕದಲ್ಲಿ ಬೇರೆಯೇ ದಾರಿ ಹಿಡಿದ ಕೊಂಬೆ ಕಾಣುತ್ತಿತ್ತು. ಒಂದು ಭಾನುವಾರ ನನಗೆ ರೇಗಿಹೋಯಿತು. ಯಾರಿಲ್ಲದಿದ್ದರೂ ಬಗ್ಗಿಸುತ್ತೇನೆ, ಒಬ್ಬ ಮಾಷ್ಟ್ರ ಹೆಬ್ಬೆರಳಿಗಾಗಿ ಎಷ್ಟು ದಿನ ಕಾಯುವುದು ಅಂದುಕೊಂಡೆ.

ಎಲ್ಲವನ್ನೂ ಕ್ರಮದಲ್ಲೇ ಮಾಡಿದೆ. ಎರಡು ದಿನ ನೀರು ಕಡಿಮೆ ಮಾಡಿದೆ. ನಾರು ನೆನೆಸಿದೆ, ತಂತಿ ಇಟ್ಟೆ, ಸುತ್ತಿದೆ, ಟ್ಯೂಬು ಬಿಗಿದೆ. ಒಳಮೈ ಕೆತ್ತಿದೆ, ಬಿಳಿ ಹಾಲು ಕೈಗೆಲ್ಲ ಅಂಟಿತು. ಹಿಡಿಯುವವರಿಲ್ಲದ್ದರಿಂದ ಚಟ್ಟಿಯನ್ನು ಹಗ್ಗದಿಂದ ಕಂಬಕ್ಕೆ ಕಟ್ಟಿದೆ. ಬಗ್ಗಿಸುವುದಕ್ಕೆ ಅಂಗಡಿಯಿಂದ ಟರ್ನ್‌ಬಕಲ್ ತಂದಿದ್ದೆ. ಕರೆಂಟು ಕಂಬದ ತಂತಿಯನ್ನು ಎಳೆದು ಬಿಗಿಯುವ, ಎರಡೂ ತುದಿಗೆ ಕೊಕ್ಕೆಯಿರುವ ಕಬ್ಬಿಣದ ಸಾಮಾನು ಅದು. ನಡುವಿನ ಭಾಗವನ್ನು ತಿರುಗಿಸಿದಷ್ಟೂ ಎರಡು ತುದಿಗಳು ಹತ್ತಿರ ಬರುತ್ತವೆ. ಒಂದು ಕೊಕ್ಕೆ ಕೊಂಬೆಗೆ, ಇನ್ನೊಂದು ಚಟ್ಟಿಯ ಬುಡಕ್ಕೆ. ತಿರುಗಿಸಿದೆ. ಕೊಂಬೆ ಬಾಗಿತು. ಗೆರೆ ನೋಡಿದೆ, ಇನ್ನೂ ಸ್ವಲ್ಪ ಇತ್ತು. ಮತ್ತೆ ತಿರುಗಿಸಿದೆ. ಎಷ್ಟು ಚೆಂದಕ್ಕೆ ಬಾಗುತ್ತಿತ್ತೆಂದರೆ, ಹಿಂದೆ ತಿರುಗಿ "ನೋಡಿದ್ರಾ ಮಾಷ್ಟ್ರೇ" ಎಂದು ಜೋರಾಗಿಯೇ ಹೇಳಿಬಿಟ್ಟೆ. ಹಿಂದೆ ನೀರಿನ ಟ್ಯಾಂಕು ಮಾತ್ರ ಇತ್ತು. ಮತ್ತೆ ಒಂದು ಸುತ್ತು ತಿರುಗಿಸಿದೆ.

ಆ ಸದ್ದು ದೊಡ್ಡದೇನಲ್ಲ. ಒಣ ಹಪ್ಪಳ ಮುರಿದಷ್ಟು. ಟ್ಯೂಬಿನ ಮೇಲೆ ಬೆರಳಾಡಿಸಿದೆ, ಒಳಗೆ ಕೊಂಬೆ ಬಿರಿದಿತ್ತು. ಗಿಡ ಬಗ್ಗಿಸುವ ವಿದ್ಯೆಯೆಲ್ಲ ನನ್ನ ಕೈಯಲ್ಲಿದೆ ಅಂದುಕೊಂಡಿದ್ದೆ. ಸಾಕು ಅನ್ನುವವರು ಒಬ್ಬರು ಬೇಕಿತ್ತು. ಟರ್ನ್‌ಬಕಲ್ಲಿಗೆ ಬಾಯಿಲ್ಲ.

ಬಿರುಕಿಗೆ ಮೇಣ ಮೆತ್ತಿದೆ, ಬಿಗಿದು ಕಟ್ಟಿದೆ, ನೆರಳಿಗೆ ಎಳೆದಿಟ್ಟೆ. ಎಲೆಗಳು ಕೆಲವು ದಿನ ಹಸಿರಾಗಿಯೇ ಇದ್ದು ನನಗೆ ಆಸೆ ತೋರಿಸಿದವು. ಆಮೇಲೆ ಒಂದೊಂದಾಗಿ ಬಾಡಿ ಉದುರಿದವು. ಹೊಸ ಚಿಗುರು ಬಂದದ್ದೆಲ್ಲ ಬೇರೆ ಕೊಂಬೆಗಳಲ್ಲಿ. ಉಗುರಿನಿಂದ ಚರ್ಮ ಕೆರೆದು ನೋಡಿದೆ, ಕಂದು ಬಣ್ಣ. ಗರಗಸ ತಂದು ಬುಡಕ್ಕೆ ಕೊಯ್ದೆ. ಕೊಯ್ಯುವಾಗ ದುಃಖವಾಗಲಿಲ್ಲ, ಸಿಟ್ಟು ಬಂತು. ಮಾಷ್ಟ್ರ ಮೇಲೆ. ಗೆರೆ ಎಳೆದು ಹೋದದ್ದು ಅವರು, ಮಳೆ ಹಿಡಿದ ಮೇಲೆ ಬಗ್ಗಿಸುವ ಅಂದದ್ದು ಅವರು. ತಂತಿ, ನಾರು, ಟರ್ನ್‌ಬಕಲ್ ಏನನ್ನೂ ಕೊಂಬೆಯಿಂದ ಬಿಚ್ಚದೆ, ಚಟ್ಟಿಯ ಕಡೆಯ ಕೊಕ್ಕೆ ಮಾತ್ರ ಕಳಚಿ, ಆ ಸತ್ತ ಕೊಂಬೆಯನ್ನು ಜವುಳಿ ಅಂಗಡಿಯ ಚೀಲಕ್ಕೆ ತುರುಕಿ, ಅಂಗಿ ಬದಲಿಸಿ, ಬೆಳ್ತಂಗಡಿ ಬಸ್ಸು ಹತ್ತಿದೆ. ಅವರ ಮುಂದೆ ಇದನ್ನು ಇಟ್ಟು, ನೋಡಿ ನಿಮ್ಮ ಕೆಲಸ ಎಂದು ಹೇಳಿ ಬಂದುಬಿಡುವುದು ಎಂದು ತೀರ್ಮಾನ ಮಾಡಿದ್ದೆ.

ರಸ್ತೆ ಅಗಲ ಮಾಡುವ ಕೆಲಸದ ಕೆಂಧೂಳು ಕಿಟಕಿಯಿಂದ ಒಳಗೆ ಬರುತ್ತಿತ್ತು. ಪಕ್ಕದಲ್ಲಿ ಕೂತ ಅಜ್ಜಿಯೊಬ್ಬರು ಚೀಲದಿಂದ ಹೊರಗೆ ಚಾಚಿದ ಕೊಂಬೆ ನೋಡಿ, "ಮದ್ದಾ? ಎಂತದಕ್ಕೆ?" ಎಂದು ಕೇಳಿದರು. ಹೌದು ಅಂದೆ. "ಗಂಟುನೋವಿಗಾ?" ಅಂದರು. ಅದಕ್ಕೂ ಹೌದು ಅಂದೆ. ನನಗೂ ಸ್ವಲ್ಪ ಕೊಡಿ ಎಂದು ಕೇಳುವ ಮೊದಲೇ ಪುಂಜಾಲಕಟ್ಟೆ ಬಂದು ಅವರು ಇಳಿದರು. ಬಸ್ಸಿನಲ್ಲಿ ಒಬ್ಬರೂ ನನ್ನ ಜತೆ ಮಾತಾಡದೆ ಎಷ್ಟು ಕಾಲವಾಗಿತ್ತೆಂದು ಆಗ ಹೊಳೆಯಿತು. ಮಡಂತ್ಯಾರಿನಲ್ಲಿ ಇಳಿಯುವಾಗ ನನ್ನ ಸಿಟ್ಟು ಅರ್ಧ ಇಳಿದಿತ್ತು, ಅದರ ಜಾಗದಲ್ಲಿ ಹೆದರಿಕೆ ಕೂತಿತ್ತು. ಬಾಗಿಲು ತೆರೆದವರು ದಾರಿಯಲ್ಲಿ ಸಿಕ್ಕಿದವರ ಹಾಗೆ ನಕ್ಕರೆ?

ಬಾಗಿಲು ತೆರೆದದ್ದು ಮಾಷ್ಟ್ರ ಹೆಂಡತಿ. ನಾನು ಅವರನ್ನು ಅಕ್ಕ ಅನ್ನುವುದು. ಅವರು ನಗಲಿಲ್ಲ, ಬೈದರು.

"ಈಗ ನೆನಪಾಯ್ತಾ ಸಾಹೇಬ್ರಿಗೆ? ಬನ್ನಿ ಹಿಂದೆ. ಬಾವಿ ನೋಡಿ ಮೊದಲು, ಆಮೇಲೆ ಚಾ."

ಹಿಂದೆ ಹೋಗಿ ನೋಡಿದೆ. ಬಾವಿಕಟ್ಟೆಯ ಕಲ್ಲಿನ ಸಂದಿಯಿಂದ ಒಂದು ಅಶ್ವತ್ಥ ಎದ್ದು ನಿಂತಿತ್ತು. ಗಿಡವಲ್ಲ, ಪಿಕ್ಕಾಸಿನ ಹಿಡಿಯಷ್ಟು ದಪ್ಪದ ಮರ. ಬಾವಿಯ ಬಾಯಿಯ ಮೇಲೆ ವಾಲಿ, ರಾಟೆಯ ಹಗ್ಗಕ್ಕೆ ಅಡ್ಡವಾಗಿತ್ತು. ನೀರಿನ ಮೇಲೆ ಹಳದಿ ಎಲೆಗಳು ತೇಲುತ್ತಿದ್ದವು. ಕಟ್ಟೆಯಲ್ಲಿ ಎರಡು ಬೆರಳು ಹೋಗುವಷ್ಟು ಬಿರುಕು.

"ಮೊಳಕೆ ಇರುವಾಗ್ಲೇ ಹೇಳಿದೆ, ಯಾರನ್ನಾದ್ರೂ ಕರೆಯಿರಿ ಅಂತ" ಅಂದರು ಅಕ್ಕ. "ಚರ್ಚಿನ ಹತ್ತಿರದವರೊಬ್ಬರು ಬಂದಿದ್ರು. ಇವರು ಚಾ ಕೊಟ್ಟು ವಾಪಸ್ ಕಳಿಸಿದ್ರು. ಅದು ಸಾಹೇಬ್ರ ಕೆಲಸ ಅಂತೆ. ಸಾಹೇಬ್ರನ್ನು ಕರೆಯಿರಿ ಅಂದ್ರೆ ಅದೂ ಇಲ್ಲ. ಇಷ್ಟು ದೂರ ಕರೆದ್ರೆ ದಾರಿಯಲ್ಲಿ ಅವರಿಗೆ ಎಂತಾದ್ರೂ ತೊಂದರೆ ಆದ್ರೆ ಅಂತ. ಬಾವಿ ಒಡೆದು ಹೋದ್ರೂ ಅಡ್ಡಿಲ್ಲ ಇವರಿಗೆ."

ಮಾಷ್ಟ್ರು ಅಷ್ಟು ಹೊತ್ತಿಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ತೆಳ್ಳಗಾಗಿದ್ದರು. ನನ್ನನ್ನು ನೋಡಲಿಲ್ಲ, ಚೀಲ ನೋಡಿದರು. ಹತ್ತಿರ ಬಂದು ಕೊಂಬೆ ಹೊರಗೆಳೆದು, ಬಿರುಕಿನ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದರು.

"ಒಬ್ಬರೇ ಮಾಡಿದ್ದಾ?"

"ಒಬ್ಬನೇ."

"ಮಾಡ್ಬಾರದಿತ್ತು."

"ಮತ್ತೆ ಯಾರನ್ನು ಕರೆಯೋದು?" ಅಂದೆ. ನಾನು ಇವರಿಗೆ ತೊಂದರೆಯಾಗಬಾರದೆಂದು ಬಂಟ್ವಾಳದಲ್ಲಿ ಕೂತಿದ್ದೆ, ಇವರು ನನಗೆ ತೊಂದರೆಯಾಗಬಾರದೆಂದು ಇಲ್ಲಿ ಕೂತಿದ್ದರು. ನಡುವೆ ಅಲ್ಲೊಂದು ಕೊಂಬೆ ಸತ್ತಿತು, ಇಲ್ಲೊಂದು ಬಾವಿ ಬಿರಿಯಿತು.

"ಇವತ್ತೇ ತೆಗೀತೀರಾ?" ಎಂದು ಅಕ್ಕ ಕೇಳಿದರು.

ಕಟ್ಟೆಯ ಸುತ್ತ ನಡೆದು ನೋಡಿದೆ. ತೆಗೆಯಲಾಗದ್ದೇನಲ್ಲ. ಉಳಿ ಸುತ್ತಿಗೆ ಇದ್ದರೆ ಮಧ್ಯಾಹ್ನದೊಳಗೆ ಮುಗಿಯುವ ಕೆಲಸ. ತೆಗೆದು, ಗೋಣಿಯಲ್ಲಿ ಸುತ್ತಿ, ಚಾ ಕುಡಿದು, ಬಸ್ಸು ಹತ್ತಿದರೆ ಆಯಿತು. ಮುಂದೆ ಇಲ್ಲಿಗೆ ಬರುವುದಕ್ಕೆ ಏನು ಕಾರಣ ಹೇಳುವುದು?

"ಇವತ್ತು ಆಗ್ಲಿಕ್ಕಿಲ್ಲ ಅಕ್ಕ" ಅಂದೆ. "ದಪ್ಪ ಆಗಿದೆ. ಮೊದಲು ಬಾವಿಯಿಂದ ಈಚೆಗೆ ಬಗ್ಗಿಸ್ಬೇಕು. ಬೇರು ಗಟ್ಟಿ ಇರುವಾಗಲೇ ಬಗ್ಗಿಸಿದ್ರೆ ಒಳ್ಳೇದು. ಕೀಳುವುದು ಬರುವ ವರ್ಷ. ಒಂದೇ ವರ್ಷ ಎರಡೂ ಮಾಡ್ಲಿಕ್ಕಿಲ್ಲ."

ಅದು ಸುಳ್ಳಲ್ಲ. ಚಟ್ಟಿಯ ಗಿಡಕ್ಕೆ ಅದೇ ನಿಯಮ. ಆದರೆ ಬಾವಿ ಒಡೆಯುತ್ತಿರುವಾಗ ಯಾರೂ ಆ ನಿಯಮ ನೋಡುವುದಿಲ್ಲ. ಮಾಷ್ಟ್ರಿಗೆ ಅದು ಗೊತ್ತು. ಅವರು ಕೆಮ್ಮಿದರು, ಹೆಂಡತಿಯ ಕಡೆ ತಿರುಗಿ, "ಹೌದು, ಹಾಗೆ ಉಂಟು ಕ್ರಮ. ಬಿರುಕಿಗೆ ನಾಳೆ ಸಿಮೆಂಟು ಹಾಕಿಸುವ" ಅಂದರು.

ಸತ್ತ ಕೊಂಬೆಯಿಂದ ಟರ್ನ್‌ಬಕಲ್ಲನ್ನೂ ತಂತಿಯನ್ನೂ ಬಿಚ್ಚಿದೆ. ಅಕ್ಕ ಹಳೆಯ ಗೋಣಿ, ಬಾಳೆಯ ನಾರು ತಂದುಕೊಟ್ಟರು. ಮರಕ್ಕೆ ಗೋಣಿ ಸುತ್ತಿ, ಹಗ್ಗ ಕಟ್ಟಿ, ಎದುರಿನ ತೆಂಗಿನ ಬುಡಕ್ಕೆ ಟರ್ನ್‌ಬಕಲ್ ಸಿಕ್ಕಿಸಿದೆ. ಅಶ್ವತ್ಥವನ್ನು ಮುಟ್ಟುವ ಕೆಲಸವೆಲ್ಲ ನಾನೇ ಮಾಡಿದೆ. ಮಾಷ್ಟ್ರು ತೆಂಗಿನ ಬುಡದಲ್ಲಿ, ತಮಗೆ ದೋಷವಿಲ್ಲದ ಜಾಗದಲ್ಲಿ, ಹಗ್ಗದ ಮೇಲೆ ಹೆಬ್ಬೆರಳಿಟ್ಟು ಕೂತರು. ನಾನು ತಿರುಗಿಸಿದೆ. ಹಗ್ಗ ಬಿಗಿಯಾಯಿತು, ಎಲೆಗಳು ಅಲುಗಿದವು, ಮರ ಬಾವಿಯ ಬಾಯಿಯಿಂದ ಕೂದಲೆಳೆಯಷ್ಟು ಈಚೆಗೆ ಬಂತು.

"ಸಾಕು" ಅಂದರು. "ಉಳಿದದ್ದು ಬರುವ ವಾರ."

ಇನ್ನೂ ಎಷ್ಟೋ ಬಗ್ಗುತ್ತಿತ್ತು. ಅವರಿಗೂ ಗೊತ್ತಿತ್ತು. ನಾನು ಕೈ ತೆಗೆದೆ.

ಚಾ ಕುಡಿಯುವಾಗ ಅಕ್ಕ ಕೇಳಿದರು, "ಅದನ್ನು ವಾರಕ್ಕೊಮ್ಮೆ ತಿರುಗಿಸಿದ್ರೆ ಆಯ್ತಲ್ಲ? ತೆಂಗಿನ ಬುಡದಲ್ಲೇ ಉಂಟು, ಇವರೇ ತಿರುಗಿಸ್ಲಿ. ನೀವು ಅದಕ್ಕೋಸ್ಕರ ಅಷ್ಟು ದೂರದಿಂದ ಬರೋದು ಯಾಕೆ?"

ಅದು ನನಗೆ ಹೊಳೆದಿರಲಿಲ್ಲ. ಜೀವಮಾನವಿಡೀ ಮಕ್ಕಳಿಗೆ ಗೆರೆಯ ಎಡಬಲ ಕಲಿಸಿದ ಮಾಷ್ಟ್ರು ಬಾವಿಯ ಕಡೆ ನೋಡುತ್ತ ಹೇಳಿದರು:

"ನನಗೆ ಆಗ್ಲಿಕ್ಕಿಲ್ಲ. ಎಡಕ್ಕೆ ತಿರುಗಿಸೋದೋ ಬಲಕ್ಕೋ, ಪ್ರತಿ ವಾರ ಮರ್ತುಹೋಗ್ತದೆ."